ಏಳಕ್ಷರದ ರಾಜಕುಮಾರಿ

ನಾನು ಜಪಾನೀ ಭಾಷೆ ಕಲಿಯಲು ಹೋದದ್ದು ಸಾಹಿತ್ಯಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ. ಪುಣೆಯಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರ ಹಾಗೆ ನನಗೂ ಕಂಪನಿಯ ಕಾಗದಪತ್ರ ಓದುವಷ್ಟು ಬಂದರೆ ಸಾಕಾಗಿತ್ತು. ಆದರೆ ನಮಗೆ ಪಾಠ ಹೇಳುತ್ತಿದ್ದ ಮರಾಠಿ ಬಾಯಿ ಪರೀಕ್ಷೆ ಮುಗಿದರೂ ವಿದ್ಯಾರ್ಥಿಗಳನ್ನು ಬಿಡುವವರಲ್ಲ. ಒಂದು ದಿನ ಎರಡು ಸಂಪುಟಗಳ ಒಂದು ಕಾದಂಬರಿಯನ್ನು ಕೈಗಿಟ್ಟು, ಅರ್ಧವಾದರೂ ಓದಿ ಬಾ ಎಂದರು. ಹೆಸರು ‘ಕಾಕಿ ಶುಂಜೂ’. ಆಗ ಧಾರವಾಡದಿಂದ ಬಂದು ನಮ್ಮ ಮನೆಯಲ್ಲಿದ್ದ ಅವ್ವ ಆ ಹೆಸರು ಕೇಳಿ, “ಖಾಕಿ ಅಂದ್ರ ಪೊಲೀಸ್ರ ಕಥಿ ಏನು?” ಎಂದಳು. ಅಲ್ಲವ್ವ, ಒಬ್ಬ ಹೆಣ್ಣುಮಗಳ ಕಥೆ, ಅವಳಿಂದ ಒಂದು ರಾಜ್ಯವೇ ಹಾಳಾಯಿತಂತೆ ಎಂದೆ. “ಹೌದಾ? ಏನ್ ಮಾಡಿದ್ಳು ಆಕಿ?” ಎಂದು ಅವ್ವ ಕೇಳಿದಳು. ಪುಸ್ತಕ ಮುಗಿಸಿದ ಮೇಲೂ ಆ ಪ್ರಶ್ನೆಗೆ ಉತ್ತರ ಕೊಡಲು ನಾನು ತಡವರಿಸುತ್ತಿದ್ದೇನೆ.

ಕಾಕಿ ಎನ್ನುವುದು ಎರಡು ಚೀನೀ ಅಕ್ಷರಗಳನ್ನು ಜಪಾನಿನವರು ಓದುವ ಬಗೆ. ಚೀನಾದಲ್ಲಿ ಅದೇ ಅಕ್ಷರಗಳು ಶಿಯಾ ಜಿ. ಹಾಗೆ ನೋಡಿದರೆ ಅದು ಹೆಸರೇ ಅಲ್ಲ. ಶಿಯಾ ಎನ್ನುವುದು ಗಂಡನ ಮನೆತನ, ಜಿ ಎನ್ನುವುದು ತವರಿನ ಕುಲನಾಮ. ಅಂದರೆ ‘ಶಿಯಾ ಮನೆಗೆ ಕೊಟ್ಟ ಜಿ ಕುಲದ ಹೆಣ್ಣು’ ಎಂದಷ್ಟೇ ಅರ್ಥ. ತೊಟ್ಟಿಲಲ್ಲಿ ಅವಳನ್ನು ಏನೆಂದು ಕರೆದರೋ ಯಾರೂ ಬರೆದಿಡಲಿಲ್ಲ. ಜಪಾನಿನಲ್ಲಿ ಮಾತ್ರ ಆ ಎರಡನೆಯ ಅಕ್ಷರಕ್ಕೆ ರಾಜಕುಮಾರಿ ಎಂಬ ಅರ್ಥ ಬಳಕೆಯಲ್ಲಿದೆ. ಹಾಗಾಗಿ ಜಪಾನೀ ಓದುಗನ ಕಣ್ಣಿಗೆ ಪುಸ್ತಕದ ಹೊದಿಕೆಯ ಮೇಲೆಯೇ ಅವಳು ರಾಜಕುಮಾರಿಯಾಗಿ ಕಾಣುತ್ತಾಳೆ. ಮೂಲದಲ್ಲಿ ಅವಳಿಗೆ ಸಿಗದ ಒಂದು ಸಣ್ಣ ಮರ್ಯಾದೆ ಇದು.

ಅವಳ ಕಥೆ ಇರುವುದು ‘ಜುವೊ ಜುವಾನ್’ ಎಂಬ ಪ್ರಾಚೀನ ಗ್ರಂಥದಲ್ಲಿ. ಕನ್‌ಫ್ಯೂಷಿಯಸ್ ಸಂಪಾದಿಸಿದ ಎಂದು ಪ್ರತೀತಿಯಿರುವ ‘ವಸಂತ ಮತ್ತು ಶರತ್ಕಾಲ’ ಎಂಬ ಒಣ ವರ್ಷಾವಳಿಗೆ ಇದು ಕಥೆಗಳ ಮೂಲಕ ಬೆಳೆದ ವ್ಯಾಖ್ಯಾನ. ಆಗ ಚೀನಾ ಒಂದು ದೇಶವಾಗಿರಲಿಲ್ಲ. ಉತ್ತರದಲ್ಲಿ ಜಿನ್, ದಕ್ಷಿಣದಲ್ಲಿ ಚು ಎಂಬ ಎರಡು ದೊಡ್ಡ ಶಕ್ತಿಗಳು, ನಡುವೆ ಒರಳಿಗೆ ಸಿಕ್ಕ ಕಾಳಿನಂತೆ ಝೆಂಗ್, ಚೆನ್ ಮೊದಲಾದ ಸಣ್ಣ ರಾಜ್ಯಗಳು. ಶಿಯಾ ಜಿ ಝೆಂಗ್ ದೊರೆಯ ಮಗಳು. ಅವಳನ್ನು ಚೆನ್ ರಾಜ್ಯದ ಒಬ್ಬ ಅಧಿಕಾರಿಗೆ ಕೊಟ್ಟರು. ಒಬ್ಬ ಮಗ ಹುಟ್ಟಿದ, ಗಂಡ ಸತ್ತ.

ಮುಂದಿನದು ಹೇಳಲು ಮುಜುಗರವಾಗುವಂಥದು. ಆದರೆ ಗ್ರಂಥಕಾರ ಮುಜುಗರಪಡುವುದಿಲ್ಲ. ಚೆನ್‌ನ ದೊರೆ ಲಿಂಗ್, ಅವನ ಇಬ್ಬರು ಮಂತ್ರಿಗಳು, ಹೀಗೆ ಮೂವರೂ ಆ ವಿಧವೆಯ ಮನೆಗೆ ಹೋಗಿ ಬರುತ್ತಿದ್ದರು. ಮೂವರೂ ಅವಳ ಒಳಬಟ್ಟೆಗಳನ್ನು ತೊಟ್ಟುಕೊಂಡು ಆಸ್ಥಾನದಲ್ಲಿ ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ಇದು ತರವಲ್ಲ ಎಂದು ಬುದ್ಧಿ ಹೇಳಿದ ಒಬ್ಬ ಅಧಿಕಾರಿಯನ್ನು ಕೊಲ್ಲಿಸಿದರು. ಕ್ರಿ.ಪೂ. 599ರಲ್ಲಿ ಒಂದು ದಿನ ಅವಳ ಮನೆಯಲ್ಲೇ ಕುಡಿಯುತ್ತ ಕೂತಾಗ ದೊರೆ ಒಬ್ಬ ಮಂತ್ರಿಗೆ, ಈಕೆಯ ಮಗ ನಿನ್ನ ಹಾಗೇ ಇದ್ದಾನೆ ಎಂದ. ಮಂತ್ರಿ, ಪ್ರಭುಗಳ ಹಾಗೂ ಇದ್ದಾನೆ ಎಂದ. ಮಗನ ಕಿವಿಗೆ ಅದು ಬಿತ್ತು. ದೊರೆ ಹೊರಟಾಗ ಕುದುರೆ ಲಾಯದಿಂದ ಬಾಣ ಬಿಟ್ಟು ಕೊಂದ. ಮಂತ್ರಿಗಳಿಬ್ಬರೂ ಚು ರಾಜ್ಯಕ್ಕೆ ಓಡಿದರು.

ಮರುವರ್ಷ ಚು ದೊರೆ ಜುವಾಂಗ್ ದಂಡೆತ್ತಿ ಬಂದು, ದೊರೆಯನ್ನು ಕೊಂದ ಆ ಮಗನನ್ನು ನಗರದ ಬಾಗಿಲಲ್ಲಿ ರಥಗಳಿಗೆ ಕಟ್ಟಿ ಸೀಳಿಸಿದ. ಚೆನ್ ರಾಜ್ಯವನ್ನು ತನ್ನದಕ್ಕೆ ಸೇರಿಸಿಕೊಂಡ. ಎಲ್ಲರೂ ಅಭಿನಂದಿಸಿದಾಗ ಒಬ್ಬ ಹಿರಿಯ ಮಾತ್ರ ಸುಮ್ಮನಿದ್ದ. ಯಾಕೆಂದು ಕೇಳಿದ್ದಕ್ಕೆ ಒಂದು ದೃಷ್ಟಾಂತ ಹೇಳಿದ. ಒಬ್ಬ ತನ್ನ ಎತ್ತನ್ನು ಇನ್ನೊಬ್ಬನ ಹೊಲದೊಳಗಿಂದ ನಡೆಸಿಕೊಂಡು ಹೋದ. ಹೊಲದವನು ಆ ಎತ್ತನ್ನೇ ಕಿತ್ತುಕೊಂಡ. ತುಳಿಸಿದ್ದು ತಪ್ಪು ನಿಜ, ಆದರೆ ಎತ್ತನ್ನೇ ಇಟ್ಟುಕೊಳ್ಳುವುದು ನ್ಯಾಯವೇ? ಜುವಾಂಗ್ ತಲೆದೂಗಿ ರಾಜ್ಯವನ್ನು ಹಿಂದಿರುಗಿಸಿದ. ನೀತಿಕಥೆಯಾಗಿ ಇದನ್ನು ಚೀನಾದಲ್ಲಿ ಇಂದಿಗೂ ನೆನೆಯುತ್ತಾರೆ. ಅವಳನ್ನೂ ಹಿಂದಿರುಗಿಸಬೇಕಲ್ಲವೇ ಎಂದು ಮಾತ್ರ ಆಗ ಯಾರೂ ಕೇಳಲಿಲ್ಲ.

ಏಕೆಂದರೆ ಅವಳ ಮೇಲೆ ಆಗಲೇ ಪಾಳಿ ಹಚ್ಚಿದ್ದರು. ಮೊದಲು ಜುವಾಂಗ್ ತಾನೇ ಇಟ್ಟುಕೊಳ್ಳಬೇಕೆಂದ. ವೂಚೆನ್ ಎಂಬ ಮಂತ್ರಿ, ಪಾಪಿಯನ್ನು ಶಿಕ್ಷಿಸಲು ಬಂದವರು ಹೆಣ್ಣಿಗಾಗಿ ಬಂದರು ಎಂದು ಜನ ಆಡಿಕೊಳ್ಳುತ್ತಾರೆ ಎಂದು ತಡೆದ. ನಂತರ ಜೀಫಾನ್ ಎಂಬ ಸೇನಾಪತಿ ಬೇಕೆಂದ. ವೂಚೆನ್ ಅವನಿಗೂ ಬೇಡವೆಂದ. ಅವಳು ಅಪಶಕುನದ ಹೆಣ್ಣು ಎಂದು ಒಂದು ಪಟ್ಟಿಯನ್ನೇ ಓದಿದ. ಇಂಥವನ ಆಯುಸ್ಸು ಕಡಿದಳು, ಗಂಡನನ್ನು ಕೊಂದಳು, ದೊರೆಯ ಹತ್ಯೆ ಮಾಡಿದಳು, ಮಗನಿಗೆ ಮರಣದಂಡನೆ ತಂದಳು, ಇಬ್ಬರು ಮಂತ್ರಿಗಳನ್ನು ದೇಶ ಬಿಡಿಸಿದಳು, ಒಂದು ರಾಜ್ಯವನ್ನು ಕಳೆದಳು.

ಕಾದಂಬರಿ ಓದಿ ಮುಗಿಸಿದ ಮೇಲೆ ಟೀಚರ್ ಮೂಲ ಗ್ರಂಥದ ಆ ಪುಟವನ್ನು ತೋರಿಸಿದರು. ಪ್ರತಿಯೊಂದಕ್ಕೂ ಬೇರೆ ಬೇರೆ ಕ್ರಿಯಾಪದ, ಪ್ರತಿಯೊಂದಕ್ಕೂ ಕರ್ತೃ ಅವಳೇ. ದೊರೆಯನ್ನು ಕೊಂದದ್ದಕ್ಕೆ ಬಳಸಿದ್ದು, ಕೆಳಗಿನವರು ಒಡೆಯನನ್ನು ಕೊಂದಾಗ ಮಾತ್ರ ಬಳಸುವ ವಿಶೇಷ ಪದ. ಬಾಣ ಬಿಟ್ಟದ್ದು ಮಗ, ರಥಕ್ಕೆ ಕಟ್ಟಿಸಿದ್ದು ಜುವಾಂಗ್, ರಾಜ್ಯ ಕಳೆದದ್ದು ಮೂವರು ಕುಡುಕರ ಮೋಜು. ವ್ಯಾಕರಣದಲ್ಲಿ ಮಾತ್ರ ಎಲ್ಲವನ್ನೂ ಮಾಡಿದವಳು ಅವಳು. ಅವ್ವನ ಪ್ರಶ್ನೆಗೆ ವೂಚೆನ್‌ನ ಹತ್ತಿರ ಉತ್ತರವಿತ್ತು, ನೋಡಿ.

ಇನ್ನೂ ಸೊಗಸೆಂದರೆ, ಹೀಗೆ ಹೇಳಿದ ವೂಚೆನ್‌ಗೇ ಅವಳು ಬೇಕಾಗಿದ್ದಳು!

ಜೀಫಾನ್ ಹಿಂಜರಿದ. ಜುವಾಂಗ್ ಅವಳನ್ನು ಶಿಯಾಂಗ್‌ಲಾವೊ ಎಂಬ ಅಧಿಕಾರಿಗೆ ಕೊಟ್ಟ. ಅವನು ಕ್ರಿ.ಪೂ. 597ರಲ್ಲಿ ಜಿನ್ ಮೇಲಿನ ಯುದ್ಧದಲ್ಲಿ ಸತ್ತ, ಶವ ಶತ್ರುಗಳ ಕೈಗೆ ಹೋಯಿತು. ಸತ್ತವನ ಮಗನೇ ಅವಳನ್ನು ಇಟ್ಟುಕೊಂಡ. ಆಗ ವೂಚೆನ್ ಗುಟ್ಟಾಗಿ ಹೇಳಿಕಳಿಸಿದ: ತವರಿಗೆ ಹೋಗು, ನಾನು ನಿನ್ನನ್ನು ಮದುವೆಯಾಗುತ್ತೇನೆ. ಝೆಂಗ್‌ನಿಂದ, ನಿನ್ನ ಗಂಡನ ಶವ ಸಿಗುವ ಹಾಗಿದೆ, ನೀನೇ ಬಂದು ತೆಗೆದುಕೊಳ್ಳಬೇಕು ಎಂದು ಕರೆ ಬರುವಂತೆಯೂ ಏರ್ಪಾಡು ಮಾಡಿದ. ಜುವಾಂಗ್ ಒಪ್ಪಿ ಕಳಿಸಿಕೊಟ್ಟ. ಕ್ರಿ.ಪೂ. 589ರಲ್ಲಿ ವೂಚೆನ್ ರಾಯಭಾರದ ನೆಪ ಮಾಡಿ, ಮನೆಯ ಸಾಮಾನೆಲ್ಲ ಹೇರಿಕೊಂಡು ಹೊರಟು, ಝೆಂಗ್ ತಲುಪಿ ಅವಳನ್ನು ಕರೆದುಕೊಂಡು ಶತ್ರುರಾಜ್ಯವಾದ ಜಿನ್‌ಗೆ ಓಡಿಹೋದ. ಇತ್ತ ಜೀಫಾನ್ ಮತ್ತು ಅವನ ಜೊತೆಗಾರ ಹೊಟ್ಟೆಕಿಚ್ಚಿನಿಂದ ವೂಚೆನ್‌ನ ಬಂಧುಬಳಗವನ್ನು ಕೊಂದುಹಾಕಿದರು. ವೂಚೆನ್ ಸೇಡಿಗಾಗಿ ವೂ ಎಂಬ ಮೂಲೆಯ ರಾಜ್ಯಕ್ಕೆ ಹೋಗಿ, ಅಲ್ಲಿನವರಿಗೆ ರಥಯುದ್ಧ ಕಲಿಸಿ, ಚು ವಿರುದ್ಧ ಎತ್ತಿಕಟ್ಟಿದ. ಕ್ರಿ.ಪೂ. 506ರಲ್ಲಿ ಅದೇ ವೂ ಸೈನ್ಯ ಚು ರಾಜಧಾನಿಯನ್ನೇ ಹಿಡಿಯಿತು.

ಇಷ್ಟೆಲ್ಲ ಆಗುವಾಗ ಅವಳು ಏನು ಹೇಳಿದಳು? ಗ್ರಂಥ ಅವಳ ಬಾಯಲ್ಲಿ ಒಂದೇ ಒಂದು ಮಾತು ಇಟ್ಟಿದೆ. ಅದು ಏಳು ಅಕ್ಷರದ್ದು. ಅದೇನೆಂದು ಕೊನೆಯಲ್ಲಿ ಹೇಳುತ್ತೇನೆ.

ಮುಂದಿನ ಶತಮಾನಗಳಲ್ಲಿ ಅವಳ ಹೆಸರು ಇನ್ನಷ್ಟು ಕೆಟ್ಟಿತು. ಹಾನ್ ಕಾಲದ ಲಿಯು ಶಿಯಾಂಗ್ ಸ್ತ್ರೀಯರ ಚರಿತ್ರೆಗಳನ್ನು ಸಂಗ್ರಹಿಸಿದಾಗ ಅವಳನ್ನು ಹಾಳು ಹೆಂಗಸರ ಅಧ್ಯಾಯಕ್ಕೆ ಸೇರಿಸಿದ. ಲೆಕ್ಕ ಹಾಕಿದರೆ ವೂಚೆನ್ ಜೊತೆ ಓಡುವ ಹೊತ್ತಿಗೆ ಅವಳಿಗೆ ನಲವತ್ತು ದಾಟಿರಬೇಕು. ಇಷ್ಟು ವಯಸ್ಸಿನವಳಿಗಾಗಿ ಗಂಡಸರು ದೇಶ ಬಿಟ್ಟರೇ ಎಂದು ಜನರಿಗೆ ನಂಬಿಕೆ ಬರಲಿಲ್ಲ. ಅವಳಿಗೆ ಮುಪ್ಪು ತೊಲಗಿಸುವ ಮಾಟ ಗೊತ್ತಿತ್ತು, ಮೂರು ಸಲ ಯೌವನ ಮರಳಿತ್ತು ಎಂದು ಕಥೆ ಕಟ್ಟಿದರು. ಚಿಂಗ್ ಕಾಲಕ್ಕೆ ಅವಳು ಪೋಲಿ ಕಾದಂಬರಿಯ ನಾಯಕಿಯೂ ಆದಳು.

ಇದೆಲ್ಲ ಜಪಾನಿನವರಿಗೆ ಯಾಕೆ ಬೇಕಾಯಿತು? ನಮ್ಮ ಪಂಡಿತರಿಗೆ ಸಂಸ್ಕೃತ ಹೇಗೋ ಅವರಿಗೆ ಪ್ರಾಚೀನ ಚೀನೀ ಹಾಗೆ. ಚೀನೀ ವಾಕ್ಯದ ಪಕ್ಕದಲ್ಲಿ ಸಣ್ಣ ಗುರುತುಗಳನ್ನು ಹಾಕಿ, ಪದಗಳ ಅನುಕ್ರಮ ಬದಲಿಸಿ ಜಪಾನಿಯಾಗಿಯೇ ಓದುವ ಒಂದು ಪದ್ಧತಿ ಅವರಲ್ಲಿ ಶತಮಾನಗಳಿಂದಲೂ ಇದೆ. ಚೀನಾದ ಪುರಾಣಪುರುಷರು ಅವರಿಗೆ ಪರಕೀಯರಲ್ಲ. ಕುವೆಂಪು ಮಂಥರೆಯನ್ನು ಹೊಸದಾಗಿ ನೋಡಿದ ಹಾಗೆ, ಭೈರಪ್ಪನವರು ‘ಪರ್ವ’ದಲ್ಲಿ ಕುಂತಿ ದ್ರೌಪದಿಯರನ್ನು ಮಾತಾಡಿಸಿದ ಹಾಗೆ, ಜಪಾನಿನ ಲೇಖಕರು ಈ ಹೆಣ್ಣುಗಳ ಬಳಿ ಹೋದರು. ಒಂದು ವ್ಯತ್ಯಾಸವಿದೆ. ನಮ್ಮ ದ್ರೌಪದಿ ಮೂಲದಲ್ಲೇ ಸಭೆಯಲ್ಲಿ ನಿಂತು ಪ್ರಶ್ನೆ ಕೇಳಿದವಳು. ಇವಳ ಪಾಲಿಗೆ ಬಂದದ್ದು ಏಳಕ್ಷರ.

ಶಿಯಾ ಜಿಗೆ ಬರುವ ಮುನ್ನ ಜುನ್‌ಇಚಿರೊ ತಾನಿಝಾಕಿಯನ್ನು ನೆನೆಯಬೇಕು. 1910ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಅವನು ‘ಕಿರಿನ್’ ಎಂಬ ಕಥೆ ಬರೆದ. ಅದರ ನಾಯಕಿ ವೇ ರಾಜ್ಯದ ರಾಣಿ ನಾನ್‌ಜೀ. ಇವಳೂ ಹೆಸರು ಕೆಡಿಸಿಕೊಂಡವಳೇ. ಕನ್‌ಫ್ಯೂಷಿಯಸ್ ಅವಳನ್ನು ಒಮ್ಮೆ ಭೇಟಿಯಾದ, ಶಿಷ್ಯ ಜೀಲುಗೆ ಸಿಟ್ಟು ಬಂತು, ತಾನು ತಪ್ಪು ಮಾಡಿಲ್ಲವೆಂದು ಗುರು ಆಣೆಯಿಡಬೇಕಾಯಿತು ಎಂದು ‘ಸೂಕ್ತಿ ಸಂಗ್ರಹ’ ಹೇಳುತ್ತದೆ. ತಾನಿಝಾಕಿ ಆ ಭೇಟಿಯನ್ನೇ ಹಿಗ್ಗಿಸಿದ. ಕಥೆಯಲ್ಲಿ ದೊರೆ ಋಷಿಯ ಮಾತು ಕೇಳಿ ಸ್ವಲ್ಪ ಕಾಲ ರಾಣಿಯಿಂದ ದೂರವಾಗುತ್ತಾನೆ. ರಾಣಿ ಋಷಿಯನ್ನೇ ಕರೆಸಿ ಸುಗಂಧ, ಮದ್ಯ, ಮಾಂಸ ಎಲ್ಲ ಒಡ್ಡಿ, ಕೊನೆಗೆ ತಾನು ಶಿಕ್ಷಿಸಿದವರ ನರಳುವ ದೇಹಗಳನ್ನೇ ತೋರಿಸುತ್ತಾಳೆ. ಋಷಿ ಸೋಲುವುದಿಲ್ಲ. ಆದರೆ ದೊರೆ ಸೋತು ಅವಳ ಬಳಿಗೆ ಮರಳುತ್ತಾನೆ, ಋಷಿ ಊರು ಬಿಡುತ್ತಾನೆ. ತಾನಿಝಾಕಿಗೆ ಹೆಣ್ಣಿನ ಚೆಲುವೆಂದರೆ ನೀತಿಗಿಂತ ದೊಡ್ಡ ಶಕ್ತಿ. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೂ ಒಂದು ಅನುಮಾನ ನನಗೆ. ‘ಕೇಡಿನ ಹೆಣ್ಣು’ ಎಂಬ ಹಳೆಯ ಹಣೆಪಟ್ಟಿಯನ್ನು ಅವನು ಕಿತ್ತುಹಾಕಲಿಲ್ಲ, ಅದಕ್ಕೆ ಚಿನ್ನದ ಅಂಚು ಕಟ್ಟಿದ, ಅಷ್ಟೇ.

ಶಿಯಾ ಜಿಯ ಬಳಿ ನೇರವಾಗಿ ಹೋದವನು ಅತ್ಸುಶಿ ನಾಕಾಜಿಮಾ. 1909ರಲ್ಲಿ ಚೀನೀ ವಿದ್ವಾಂಸರ ಮನೆತನದಲ್ಲಿ ಹುಟ್ಟಿದವನು. ಅಜ್ಜ ಪಾಠಶಾಲೆ ನಡೆಸುತ್ತಿದ್ದ, ಅಪ್ಪ ಚೀನೀ ಶಾಸ್ತ್ರಗ್ರಂಥಗಳ ಮೇಷ್ಟ್ರು. ನಾಕಾಜಿಮಾಗೆ ಬಾಲ್ಯದಿಂದ ‘ಜುವೊ ಜುವಾನ್’ ಎಂದರೆ ನಮಗೆ ಭಾರತ ಇದ್ದ ಹಾಗೆ. ಆಸ್ತಮಾದಿಂದ ನರಳಿ 1942ರ ಡಿಸೆಂಬರಿನಲ್ಲಿ, ಮೂವತ್ತಮೂರನೆಯ ವಯಸ್ಸಿಗೇ ತೀರಿಕೊಂಡ. ಹುಲಿಯಾಗಿ ಮಾರ್ಪಟ್ಟ ಕವಿಯ ಕಥೆ ‘ಸಾಂಗೆತ್ಸುಕಿ’ಯನ್ನು ಜಪಾನಿನ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅವನ ಹಸ್ತಪ್ರತಿಗಳ ನಡುವೆ ‘ಯೋಫುನ್‌ರೊಕು’ ಎಂಬ ಪುಟ್ಟ ಕಥೆಯೊಂದು ಸಿಕ್ಕಿತು. ಕೆಡುಕಿನ ಹಬೆಯ ದಾಖಲೆ ಎಂದು ಹೆಸರಿನ ಅರ್ಥ.

ಹೆಸರು ಕೇಳಿ ಮೋಹಿನಿಯೊಬ್ಬಳನ್ನು ನಿರೀಕ್ಷಿಸಿದರೆ ಮೊದಲ ಸಾಲುಗಳಲ್ಲೇ ಪೆಟ್ಟು ಬೀಳುತ್ತದೆ. ಅವನ ಶಿಯಾ ಜಿ ಮಿತಭಾಷಿ, ಹಿಂದೆ ಸರಿದು ನಿಲ್ಲುವವಳು. ಚೆಲುವೆಯೇನೋ ಹೌದು, ಆದರೆ ಮುಖದಲ್ಲಿ ಅಲುಗಾಟವಿಲ್ಲ, ಮರದ ಬೊಂಬೆಯಂಥ ಚೆಲುವು, ಕೆಲವೊಮ್ಮೆ ಪೆದ್ದಿಯೇನೋ ಅನ್ನಿಸುವಷ್ಟು. ಕಣ್ಣು ಕುಣಿಸುವುದಿಲ್ಲ, ಬಲೆ ಬೀಸುವುದಿಲ್ಲ. ಅವಳ ಸುತ್ತ ಗಂಡಸರು ಮಾತ್ರ ಒಬ್ಬರಾದ ಮೇಲೊಬ್ಬರು ಉರಿದು ಹೋಗುತ್ತಾರೆ. ಗ್ರಂಥದಲ್ಲಿ ಅವಳಿಗೆ ಮಾತಿಲ್ಲ ಎಂಬುದನ್ನು ನಾಕಾಜಿಮಾ ಕೊರತೆ ಎಂದು ತುಂಬಲು ಹೋಗಲಿಲ್ಲ, ಅದನ್ನೇ ಅವಳ ಸ್ವಭಾವವಾಗಿಸಿದ. ಕನ್ನಡಿಯ ಮುಂದೆ ನಿಂತವರು ಕನ್ನಡಿಯ ಮೇಲೆ ಆರೋಪ ಹೊರಿಸಿದ ಹಾಗೆ. ಇಷ್ಟು ಕಡಿಮೆ ಪುಟಗಳಲ್ಲಿ ಇಷ್ಟು ತಣ್ಣಗೆ ಬರೆದ ಕಥೆ ನಾನು ಓದಿದ್ದು ಕಡಿಮೆ. ಬೇಜಾರೆಂದರೆ, ಬೊಂಬೆಗೆ ನೋವಾಗುತ್ತದೆಯೇ ಎಂದು ಅವನೂ ಕೇಳುವುದಿಲ್ಲ. ಮಗನನ್ನು ರಥಗಳಿಗೆ ಕಟ್ಟಿ ಸೀಳಿದ ತಾಯಿ ಅವಳು.

ಆ ಪ್ರಶ್ನೆ ಕೇಳಿದವರು ಮಾಸಾಮಿತ್ಸು ಮಿಯಾಗಿತಾನಿ. ನನ್ನ ಕೈಗೆ ಬಂದ ಕಾದಂಬರಿ ಅವರದೇ. 1945ರಲ್ಲಿ ಐಚಿ ಪ್ರಾಂತದ ಗಾಮಾಗೊರಿ ಎಂಬ ಕಡಲತೀರದ ಊರಲ್ಲಿ ಹುಟ್ಟಿದವರು. ವಾಸೆದಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಊರಿಗೆ ಮರಳಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಶನ್ ಹೇಳುತ್ತ ಬರೆದರು. ಪ್ರಾಚೀನ ಚೀನೀ ಅಕ್ಷರಗಳ ಹುಟ್ಟನ್ನು ಶೋಧಿಸಿದ ವಿದ್ವಾಂಸ ಶಿರಾಕಾವಾ ಶಿಝುಕಾ ಅವರ ಬರಹಗಳು ಅವರಿಗೆ ದಾರಿದೀಪ. ‘ಕಾಕಿ ಶುಂಜೂ’ 1991ರಲ್ಲಿ ಹೊರಬಂದದ್ದು ತೋಕ್ಯೊದ ದೊಡ್ಡ ಪ್ರಕಾಶಕರಿಂದಲ್ಲ, ನಗೋಯಾದ ಒಂದು ಸಣ್ಣ ಪ್ರಕಾಶನದಿಂದ. ಅದೇ ವರ್ಷ ಅದಕ್ಕೆ ನಾವೊಕಿ ಪ್ರಶಸ್ತಿ ಬಂತು. ಆಗ ಅವರಿಗೆ ನಲವತ್ತಾರು. ಜನಪ್ರಿಯ ಸಾಹಿತ್ಯಕ್ಕೆ ಜಪಾನಿನಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ.

ಶೀರ್ಷಿಕೆಯಲ್ಲೇ ಒಂದು ಕೆಲಸ ನಡೆದಿದೆ. ಶುಂಜೂ ಎಂದರೆ ವಸಂತ ಮತ್ತು ಶರತ್ಕಾಲ, ಆ ಹಳೆಯ ವರ್ಷಾವಳಿಯ ಹೆಸರೇ. ಮನುಷ್ಯರ ವಯಸ್ಸಿಗೂ ಆ ಪದ ಬಳಸುತ್ತಾರೆ. ರಾಜ್ಯಗಳಿಗಷ್ಟೇ ಸಲ್ಲುತ್ತಿದ್ದ ಇತಿಹಾಸವೆಂಬ ಗೌರವವನ್ನು ಲೇಖಕರು ಸ್ವಂತ ಹೆಸರಿಲ್ಲದ ಹೆಣ್ಣಿನ ಪಕ್ಕದಲ್ಲಿಟ್ಟರು. ಕಥೆ ಶುರುವಾಗುವುದು ಚೆನ್‌ನ ಕುಡಿತದ ಕೋಣೆಯಲ್ಲಲ್ಲ, ಝೆಂಗ್ ಅರಮನೆಯಲ್ಲಿ ಅವಳು ಇನ್ನೂ ಹುಡುಗಿಯಾಗಿದ್ದಾಗ. ವೂಚೆನ್‌ನ ಪಟ್ಟಿಯಲ್ಲಿ ಅವಳು ಆಯುಸ್ಸು ಕಡಿದಳು ಎಂಬ ಮೊದಲ ಗಂಡಸು ಯಾರೆಂಬುದರಲ್ಲಿ ಟೀಕಾಕಾರರಿಗೆ ಒಮ್ಮತವಿಲ್ಲ. ಅಣ್ಣ ಎಂದು ಕೆಲವರು, ಮೊದಲ ಗಂಡ ಎಂದು ಕೆಲವರು. ಮಿಯಾಗಿತಾನಿ ಅಣ್ಣನ ಎಳೆ ಹಿಡಿಯುತ್ತಾರೆ. ಮನೆಯೊಳಗೇ ಅಣ್ಣನ ಆಸೆಗೆ ಸಿಕ್ಕ ಹುಡುಗಿ ಅವಳು, ಅವಳ ಅಲೆದಾಟ ಅಲ್ಲಿಂದ ಶುರು. ಆ ಎಳೆ ಹಿಡಿದ ಕ್ಷಣ ಇಡೀ ಕಥೆ ತಿರುಗಿಬಿಡುತ್ತದೆ. ನಾವು ಓದುತ್ತಿರುವುದು ಗಂಡಸರನ್ನು ಕೆಡಿಸಿದವಳ ಕಥೆಯಲ್ಲ, ಕಾಯಬೇಕಾದವರೇ ಮೊದಲು ಕೈಹಾಕಿದ ಒಂದು ಮಗುವಿನ ಕಥೆ ಎಂದು ಗೊತ್ತಾಗುತ್ತದೆ. ಆ ಭಾಗ ಓದಿದ ರಾತ್ರಿ ಅವ್ವನಿಗೆ ಕಥೆ ಮುಂದುವರಿಸಿ ಹೇಳಲು ನನಗೆ ಆಗಲಿಲ್ಲ.

ಕಾದಂಬರಿಯಲ್ಲಿ ದೋಷವಿಲ್ಲವೆಂದಲ್ಲ. ಜಿನ್, ಚು, ಝೆಂಗ್ ನಡುವಿನ ಯುದ್ಧ, ಸಂಧಿ, ಮೋಸಗಳು ಎಷ್ಟು ಹರಡಿಕೊಳ್ಳುತ್ತವೆಂದರೆ ಎಷ್ಟೋ ಪುಟಗಳಲ್ಲಿ ಕಾಕಿಯ ಸುಳಿವೇ ಇರುವುದಿಲ್ಲ. ಜುವಾಂಗ್ ದೊರೆಯನ್ನು ಬರೆಯುವಾಗ ಲೇಖಕರಿಗೆ ಇರುವ ಹುರುಪು ಅವಳನ್ನು ಬರೆಯುವಾಗ ಇಲ್ಲವೇನೋ ಎಂದು ನನಗೆ ಅನ್ನಿಸಿದ್ದುಂಟು. ಟೀಚರ್ ಹತ್ತಿರ ಹೇಳಿದೆ. ಅವಳ ಬದುಕಿನಲ್ಲೂ ಹಾಗೇ ಅಲ್ಲವೇನು, ಅವಳ ಹಣೆಬರಹ ಬರೆದ ಮಾತುಕತೆಗಳಲ್ಲಿ ಅವಳೆಲ್ಲಿದ್ದಳು ಎಂದು ತಿರುಗಿ ಕೇಳಿದರು. ಸಮಾಧಾನವಾಯಿತು, ಪೂರ್ತಿ ಅಲ್ಲ. ಇನ್ನೊಂದು ತಕರಾರು ವೂಚೆನ್ ಬಗ್ಗೆ. ಅವಳನ್ನು ಸರಕಾಗಿ ನೋಡದೆ ಮನುಷ್ಯಳಾಗಿ ನೋಡಿದವನು ಎಂದು ಕಾದಂಬರಿ ಅವನನ್ನು ಮೆಚ್ಚುತ್ತದೆ. ಅವನ ಬಾಯಿಂದ ಬಂದ ಆ ಪಟ್ಟಿಯನ್ನು ನನಗೆ ಅಷ್ಟು ಸುಲಭವಾಗಿ ಮರೆಯಲು ಆಗುವುದಿಲ್ಲ. ಬೇರೆಯವರನ್ನು ಹೆದರಿಸಿ ದೂರವಿಡಲು ಹೇಳಿದ ಸುಳ್ಳೇ ಇರಬಹುದು. ಆ ಸುಳ್ಳು ಅವನಿಗಿಂತ ಹೆಚ್ಚು ಕಾಲ ಬದುಕಿತು. ಅವನ ಮಗಳನ್ನು ಜಿನ್ ರಾಜ್ಯದ ಗಣ್ಯನೊಬ್ಬ ಮದುವೆಯಾಗಲು ಬಯಸಿದಾಗ, ಹುಡುಗನ ತಾಯಿ ಬೇಡವೆನ್ನಲು ಓದಿದ್ದು ಹೆಚ್ಚುಕಡಿಮೆ ಅದೇ ಪಟ್ಟಿಯನ್ನು: ಹುಡುಗಿಯ ತಾಯಿ ಗಂಡಂದಿರನ್ನು ಕೊಂದವಳು, ದೊರೆಯನ್ನು ಕೊಂದವಳು, ಮಗನನ್ನು ಕೊಂದವಳು.

ಈಗ ಆ ಏಳಕ್ಷರ. ಚು ರಾಜಧಾನಿಯಿಂದ ತವರಿಗೆ ಹೊರಟು ನಿಂತಾಗ, ಕಳಿಸಿಕೊಡಲು ಬಂದವರ ಎದುರು ಅವಳು ಅದನ್ನು ಆಡಿದಳು. ಗಂಡನ ಶವ ಸಿಗದ ಹೊರತು ತಾನು ಹಿಂದಿರುಗುವುದಿಲ್ಲ ಎಂದಳು. ಬಂದವರು ಇದನ್ನು ಪತಿಭಕ್ತಿ ಎಂದೇ ಕೇಳಿರಬೇಕು. ವೂಚೆನ್‌ನ ಸಂದೇಶ ಆಗಲೇ ಅವಳ ಕೈ ಸೇರಿತ್ತು. ತಾನು ಹಿಂದಿರುಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಅದನ್ನು ಅವರ ಮುಖಕ್ಕೇ ಹೇಳಿದಳು, ಅವರಿಗೆ ತಿಳಿಯಲಿಲ್ಲ. ತಾನಿಝಾಕಿಯ ರಾಣಿಯ ಹಾಗೆ ಆರ್ಭಟವಿಲ್ಲ, ನಾಕಾಜಿಮಾನ ಬೊಂಬೆಯ ಹಾಗೆ ಶೂನ್ಯವೂ ಇಲ್ಲ. ಕೈಯಿಂದ ಕೈಗೆ ದಾಟಿಸಲ್ಪಟ್ಟ ಒಬ್ಬ ಹೆಂಗಸು ಮೊದಲ ಬಾರಿಗೆ ತಾನಾಗಿ ಒಂದು ಹೊಸ್ತಿಲು ದಾಟುತ್ತಿದ್ದಾಳೆ.

ಮುಂದೆ ಹಲವು ವರ್ಷ ಅವಳು ಝೆಂಗ್‌ನಲ್ಲಿ ಕಾದಳು. ಆ ವರ್ಷಗಳ ಬಗ್ಗೆ ಗ್ರಂಥದಲ್ಲಿ ಒಂದಕ್ಷರವೂ ಇಲ್ಲ. ಅವಳು ಜಿನ್ ಸೇರಿದ ಮರುವರ್ಷ, ಕ್ರಿ.ಪೂ. 588ರಲ್ಲಿ, ಕೈದಿಗಳ ವಿನಿಮಯ ನಡೆಯಿತು. ಜಿನ್‌ನವರು ತಮ್ಮ ಸೇನಾಪತಿಯ ಮಗನನ್ನು ಬಿಡಿಸಿಕೊಳ್ಳಲು ಚು ರಾಜಕುಮಾರನೊಬ್ಬನನ್ನು ಬಿಟ್ಟುಕೊಟ್ಟರು. ಅವನ ಜೊತೆಗೆ ಶಿಯಾಂಗ್‌ಲಾವೊನ ಶವವನ್ನೂ ಹಿಂದಕ್ಕೆ ಕಳಿಸಿದರು. ಶವ ಚು ತಲುಪಿತು.